ಸುಂಡೆಕಾಯಿ ಮೇಲೆ ನಿಂತ ಟ್ಯಾಂಕು

ಕಾಂತರಾಜ ಆ ಬೆಳಿಗ್ಗೆ ಟ್ಯಾಂಕನ್ನು ಜಗಲಿಯ ಮೇಲೆ ಬಿಸಿಲಿಗಿಟ್ಟಿದ್ದೇ ತಪ್ಪಾಯಿತು. ರೂಮಿನಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಟ್ಯಾಂಕಿನ ಪಟ್ಟಿಗಳಿಗೆ ಮೆತ್ತಿದ್ದ ಕೆಸರು ಇನ್ನೂ ಹಸಿಯಾಗಿತ್ತು. ಹೊರಗೆ ಹುಣಸೂರಿನ ಬಿಸಿಲು ಪುಕ್ಕಟೆ ಸುರಿಯುತ್ತಿತ್ತು. ಅದು ಆಯುಧಪೂಜೆಯ ದಿನ ಎಂಬುದು ಗೊತ್ತಿದ್ದರೂ, ಅದಕ್ಕೂ ತನ್ನ ಟ್ಯಾಂಕಿಗೂ ಏನಾದರೂ ಸಂಬಂಧವಿದೆ ಎಂದು ಅವನ ತಲೆಗೆ ಹೊಳೆಯಲಿಲ್ಲ.

ಟ್ಯಾಂಕೆಂದರೆ ಯುದ್ಧದ ಟ್ಯಾಂಕೇ, ಆದರೆ ಊಟದ ತಟ್ಟೆಯಲ್ಲಿ ಹಿಡಿಯುವಷ್ಟು ದೊಡ್ಡದು. ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಚೂರುಗಳಾಗಿ ಬರುತ್ತದೆ. ಅಂಟು ಹಾಕಿ ಜೋಡಿಸಿ ಬಣ್ಣ ಬಳಿದರೆ ಅಸಲಿಯ ಮರಿಯಂತೆ ಕೂರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಮಗೆ ಈ ಹುಚ್ಚು ಗೊತ್ತಿಲ್ಲ ಎಂದರ್ಥ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಹೊಸದಾಗಿ ಮಾಡಿದ್ದನ್ನು ಹಳೆಯದು ಮಾಡಬೇಕು. ಯುದ್ಧದಲ್ಲಿ ಸವೆದು, ತುಕ್ಕು ಹಿಡಿದು, ಕೆಸರಿನಲ್ಲಿ ಹೂತು ಬಂದದ್ದರಂತೆ ಕಾಣಿಸಬೇಕು.

ಇದಕ್ಕೆ ಕಾಂತರಾಜ ಮನೆಯನ್ನೇ ಸೂರೆ ಮಾಡಿದ್ದ. ತುಕ್ಕಿಗೆ ಕಾವಿ ಮತ್ತು ಅರಿಶಿನ, ಧೂಳಿಗೆ ದೇವರ ಮನೆಯ ವಿಭೂತಿ, ಹೊಗೆ ಕಪ್ಪಿಗೆ ಪಿರಿಯಾಪಟ್ಟಣದ ಷಡ್ಡಕ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಿಂದ ಕೆರೆದು ತಂದ ಮಸಿ. ಟ್ಯಾಂಕು ನಿಲ್ಲುವ ಹಲಗೆಯ ಮೇಲೆ ಜರಡಿ ಹಿಡಿದ ಮಣ್ಣು, ಹುಲ್ಲಿಗೆ ತೆಂಗಿನ ನಾರು, ಉದುರಿದ ಎಲೆಗೆ ಸೋಸಿ ಒಣಗಿಸಿದ ಟೀ ಪುಡಿ. ಇಷ್ಟು ಕೊಳಕು ಮಾಡಲು ಮೂರು ತಿಂಗಳು ಹಿಡಿದಿತ್ತು.

ಬೇರೆ ಯಾರ ಮನೆಯಲ್ಲಾದರೂ ಇದು ನಡೆದುಹೋಗುತ್ತಿತ್ತೇನೋ. ಆದರೆ ಕಾಂತರಾಜನದು ಪಾತ್ರೆ ಅಂಗಡಿಯವರ ಮನೆ. ಅಪ್ಪ ಪುಟ್ಟಮಲ್ಲಪ್ಪ ಅಂಗಡಿಯ ಪ್ರತಿ ಚೊಂಬಿನಲ್ಲೂ ತನ್ನ ಮೀಸೆ ಕಾಣಿಸಬೇಕೆಂದು ಹಟ ಹಿಡಿಯುವವರು. ಅವ್ವ ಪುಟ್ಟಮಲ್ಲಮ್ಮ ಅವರಿಗಿಂತ ಒಂದು ಕೈ ಮೇಲು. ಮಾರಾಟಕ್ಕಿಲ್ಲದ ಹಿತ್ತಾಳೆಯನ್ನೂ ವಾರಕ್ಕೊಮ್ಮೆ ಉಜ್ಜುವವರು. ಇಂಥ ಮನೆಯಲ್ಲಿ ಬಾಗಿಲ ಪಕ್ಕದ ಸಣ್ಣ ರೂಮೊಂದರಲ್ಲಿ ಮಗ ಕೂತು ಕೊಳಕು ತಯಾರಿಸುತ್ತಿದ್ದ. ಆ ರೂಮು ತನಗೆ ಬೇಕು, ಹಿತ್ತಾಳೆ ಇಡಲು ಜಾಗವಿಲ್ಲ ಎಂದು ಪುಟ್ಟಮಲ್ಲಮ್ಮ ವರ್ಷದಿಂದ ಹೇಳುತ್ತಿದ್ದರು.

ಕೊನೆಗೆ ಪುಟ್ಟಮಲ್ಲಪ್ಪನವರು ಪಂಚಾಯಿತಿ ಮಾಡಿದ್ದರು.

“ನೋಡ್ಲಾ ಕಾಂತ, ಈ ದಸರಾ ಕಾಂಪಿಟೇಸನ್ನಲ್ಲಿ ಪ್ರೈಜ್ ಬಂದ್ರೆ ರೂಮು ಪ್ರೈಜ್ ತಂದೋರ್ಗೆ. ಬರ್ನಿಲ್ವಾ, ಇತ್ತಾಳೆಗೆ. ಆಮ್ಯಾಲೆ ಇಬ್ರೂ ನನ್ ಕಿವಿ ತಿನ್ನಂಗಿಲ್ಲ.”

ಕಾಂಪಿಟೇಶನ್ ನಡೆಸುವುದು ಮೈಸೂರಿನ ಒಂದು ಮಾಡೆಲ್ ಕ್ಲಬ್ಬು. ಅದರ ತೀರ್ಪುಗಾರರು ರಿಸಾಲ್ದಾರ್ ಪೂವಯ್ಯ, ಗೋಣಿಕೊಪ್ಪದ ಕಡೆಯವರು. ಸೈನ್ಯದಲ್ಲಿ ಅಸಲಿ ಟ್ಯಾಂಕು ಓಡಿಸಿ ನಿವೃತ್ತರಾದ ಮನುಷ್ಯ. ಹೋದ ವರ್ಷ ಕಾಂತರಾಜನ ಮಾಡೆಲ್ ನೋಡಿ, “ಅಂಗಡಿಯಿಂದ ಈಗ ತಾನೇ ತಂದ ಸ್ಟೀಲ್ ಡಬ್ಬದ ಹಾಗಿದೆ. ಕಿಟ್ ಯಾರು ಬೇಕಾದರೂ ಜೋಡಿಸುತ್ತಾರೆ, ನಾನು ಮಾರ್ಕು ಕೊಡುವುದು ಫಿನಿಶಿಂಗ್ ಮಾಡಿದ ಕೈಗೆ” ಎಂದಿದ್ದರು. ಅವನು ಪಾತ್ರೆ ಅಂಗಡಿಯವನೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಆ ಮಾತು ಕಾಂತರಾಜನಿಗೆ ಸರಿಯಾಗಿ ನಾಟಿತ್ತು. ಈ ಸಲ ಕೊಳಕೆಂದರೆ ಏನೆಂದು ತೋರಿಸಿಬಿಡುತ್ತೇನೆ ಎಂದು ಪಣ ತೊಟ್ಟಿದ್ದ.

ಪೂವಯ್ಯನವರು ಕೊಡಗಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಅವರವರ ಮನೆಯಿಂದಲೇ ಮಾಡೆಲ್ಲುಗಳನ್ನು ಕಾರಿಗೆ ಹಾಕಿಕೊಂಡು ಹೋಗುವುದೆಂದು ಏರ್ಪಾಟಾಗಿತ್ತು. ಹುಣಸೂರಿಗೆ ಸಂಜೆ ಬರುತ್ತೇನೆ, ಮಧ್ಯಾಹ್ನದೊಳಗೆ ಒಂದು ಫೋಟೋ ಕಳಿಸಿ ಎಂದಿದ್ದರು.

ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಆಳು ಕಳಿಸಿದರು. ತಕ್ಕಡಿ ತೊಳೆದು, ಬಾಳೆಕಂದು ಕಟ್ಟಿ, ಪೂಜೆಗೆ ಅಣಿ ಮಾಡಬೇಕು, ತಕ್ಷಣ ಬಾ ಎಂದು. ಕಾಂತರಾಜ ಮಸಿ ಹತ್ತಿದ ಕೈಯಲ್ಲೇ ಹೆಂಡತಿ ಮಧುಶ್ರೀಗೆ ಫೋನು ಒಪ್ಪಿಸಿದ.

“ಜಗಲಿ ಮೇಲೆ ಟ್ಯಾಂಕದೆ. ಒಂದ್ ಒಳ್ಳೆ ಫೋಟೋ ತೆಗ್ದು ಪೂವಯ್ಯೋರ್ಗೆ ಕಳ್ಸು. ಬಿಸ್ಲು ಚೆನ್ನಾಗಿ ಬಿದ್ಮೇಲೆ ತೆಗಿ.”

“ತೆಗೀತೀನಿ ಓಗ್ರಿ. ಎಸ್ರು ಇಟ್ಟಿವ್ನಿ, ಇಳಿಸ್ಬುಟ್ಟು ಬತ್ತೀನಿ” ಎಂದಳು ಮಧುಶ್ರೀ.

ಅಂಗಡಿಯ ಪೂಜೆ ಮುಗಿಸಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಪೊಟ್ಟಣ ಹಿಡಿದು ಕಾಂತರಾಜ ಮನೆಗೆ ಬಂದಾಗ ಜಗಲಿಯ ಮೇಲೆ ಏನೋ ಫಳಫಳ ಹೊಳೆಯುತ್ತಿತ್ತು. ಹತ್ತಿರ ಬಂದ. ಕಡ್ಲೆಪುರಿ ಕೈಯಿಂದ ಜಾರಿತು.

ಅದು ಅವನ ಟ್ಯಾಂಕೇ. ಒಂದು ಚುಕ್ಕೆ ತುಕ್ಕಿಲ್ಲ, ಒಂದು ಕಾಳು ಮಣ್ಣಿಲ್ಲ. ಕೊಳಕಿನಡಿ ಹೊಡೆದಿದ್ದ ಹಸಿರು ಬಣ್ಣ, ವಾರ್ನಿಷ್ ಸಮೇತ ಮಿಂಚುತ್ತಿತ್ತು. ಮುಂಭಾಗಕ್ಕೆ ಮೂರು ಎಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಫಿರಂಗಿಯ ಕೊಳವೆಗೆ ತುಂಬೆ ಹೂವಿನ ಸಣ್ಣ ಹಾರ. ಕೆಸರಿನ ಹಲಗೆಯನ್ನು ಚೊಕ್ಕಟವಾಗಿ ಕೆರೆದು, ಸಗಣಿ ಸಾರಿಸಿ, ಸುತ್ತ ಎಳೆ ರಂಗೋಲಿ ಬಿಡಲಾಗಿತ್ತು. ಪಕ್ಕದಲ್ಲಿ ಪುಟ್ಟಮಲ್ಲಮ್ಮ ಊದುಬತ್ತಿ ಹಚ್ಚುತ್ತಿದ್ದರು.

“ಅವ್ವ” ಎಂದ ಕಾಂತರಾಜ.

“ಬಂದ್ಯಾ ಮಗ. ಹಬ್ಬದ್ ದಿವ್ಸ ಯಾರಾರ ಗಾಡಿನ ಅಂಗ್ ಬುಡ್ತಾರಾ? ಬೀದಿಲಿ ಓಗೋರು ನೋಡುದ್ರೆ ಪಾತ್ರೆ ಅಂಗ್ಡಿಯೋರ್ ಮನೆ ಅಂತಾರಾ? ಸೀಗೇಕಾಯಿ ಹಾಕಿ ಮೆತ್ತುಗ್ ತಿಕ್ದೆ ಕಣ್ಲಾ. ಎಷ್ಟ್ ಕೊಳೆ ಬಂತು ಅಂತೀಯ.”

“ಅದು ಕೊಳೆ ಅಲ್ಲ ಕಣವ್ವ. ನಾನು ಮಾಡಿದ್ದು.”

ಪುಟ್ಟಮಲ್ಲಮ್ಮ ಊದುಬತ್ತಿ ಕೆಳಗಿಟ್ಟು ಮಗನನ್ನು ಮರುಕದಿಂದ ನೋಡಿದರು.

“ಮೂರ್ ತಿಂಗ್ಳಿಂದ ಬಾಗ್ಲಾಕ್ಕೊಂಡು ಇದ್ನಾ ಮಾಡ್ತಿದ್ದೆ ನೀನು?”

ಕಾಂತರಾಜ ಬಗ್ಗಿ ನೋಡಿದ. ಟ್ಯಾಂಕಿನ ಗಾಲಿ ಸುತ್ತಿದ ಪಟ್ಟಿಗಳ ಕೆಳಗೆ ಬಟಾಣಿ ಗಾತ್ರದ ನಾಲ್ಕು ಹಸಿರು ಕಾಯಿಗಳಿದ್ದವು.

“ಇದೇನವ್ವ?”

“ಗಾಲಿ ಕೆಳ್ಗೆ ನಿಂಬೆಹಣ್ಣು ಮಡಗ್ದೆ, ಗಾಡಿನೇ ಎದ್ದು ನಿಂತ್ಕತ್ತು. ಅದ್ಕೇ ಹಿತ್ಲಿಂದ ಸುಂಡೆಕಾಯಿ ತಂದೆ. ಚೆಂಡುಹೂವು ಹಾಕುದ್ರೆ ಗಾಡಿನೇ ಮುಚ್ಚೋಯ್ತದೆ, ಅದ್ಕೆ ತುಂಬೆ ಹೂವು. ಮ್ಯಾಲಿದ್ದ ಕಡ್ಡಿಯೊಂದು ಮುರ್ದೋಯ್ತು. ಪೊರಕೆ ಕಡ್ಡಿ ಸಿಗ್ಸಿವ್ನಿ, ಅದೇ ಗಟ್ಟಿ ಬುಡು.”

ಕಾಂತರಾಜ ಜಗಲಿಯ ಮೇಲೆ ಕುಸಿದ. ಅಳು ಬಂತು. ನಲವತ್ತು ದಾಟಿದ ಗಂಡಸು ಬೀದಿಗೆ ಕಾಣುವಂತೆ ಅಳುವುದು ಚೆನ್ನಲ್ಲವೆಂದು ನುಂಗಿಕೊಂಡ. ರೂಮು ಹೋಯಿತು. ಸಂಜೆಗೆ ಅವನ ಮೇಜಿನ ಜಾಗದಲ್ಲಿ ಹಂಡೆ ಕೂರುತ್ತದೆ, ಬಣ್ಣದ ಬಾಟಲಿಗಳ ಜಾಗದಲ್ಲಿ ಗಿಂಡಿ.

ಮಧುಶ್ರೀ ಸೆರಗಿಗೆ ಕೈ ಒರೆಸುತ್ತ ಒಳಗಿನಿಂದ ಬಂದಳು. “ರೀ, ಫೋಟೋ ಕಳ್ಸಿವ್ನಿ. ಬೋ ಚೆನ್ನಾಗಿ ಬಂದದೆ.”

ಕೊನೇಪಕ್ಷ ಕೊಳಕಿದ್ದಾಗಿನ ಫೋಟೋ ಆದರೂ ಹೋಯಿತಲ್ಲ ಎಂದು ಕಾಂತರಾಜನಿಗೆ ಒಂದು ಚೂರು ಜೀವ ಬಂತು. ಫೋಟೋದಲ್ಲಿರುವಂತೆಯೇ ಮತ್ತೆ ಕೊಳಕು ಮಾಡಿದರಾಯಿತು. ಸಂಜೆಗೆ ಇನ್ನೂ ಹೊತ್ತಿದೆ. ಖಾಲಿ ಡಾಲ್ಡಾ ಡಬ್ಬವೊಂದನ್ನು ಹಿಡಿದು ಬೀದಿಗಿಳಿದ. ಫೋನು ಹೆಂಡತಿಯ ಕೈಯಲ್ಲೇ ಉಳಿಯಿತು.

ಆಯುಧಪೂಜೆಯ ದಿನ ಹುಣಸೂರಿನಲ್ಲಿ ಕೊಳೆ ಹುಡುಕಿದವರು ಅವನಿಗಿಂತ ಮುಂಚೆ ಯಾರೂ ಇರಲಾರರು. ಎಲ್ಲಿ ನೋಡಿದರೂ ತೊಳೆದ ಸ್ಕೂಟರು, ಒರೆಸಿದ ಸೈಕಲ್ಲು, ಮಿಂದು ಹಾರ ಹಾಕಿಕೊಂಡು ನಿಂತ ಆಟೋಗಳು. ಮೋರಿಯನ್ನು ಕೂಡ ಯಾರೋ ತೊಳೆದುಬಿಟ್ಟಿದ್ದರು. ಎದುರು ಮನೆಯ ಶಿವನಂಜಪ್ಪನವರ ಅಂಗಳದಲ್ಲಿ ಗುಲಾಬಿ ಗಿಡದ ಬುಡಕ್ಕೆ ಹಾಕಲು ತಂದ ಒಳ್ಳೆಯ ಎರೆಮಣ್ಣು ಇತ್ತು. ಶಿವನಂಜಪ್ಪ ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ನಡೆಯುವ ಯಾವ ಕೆಲಸಕ್ಕೂ ಅವರ ಸಲಹೆ ತಪ್ಪಿದ್ದಿಲ್ಲ.

“ಶಿವನಂಜಣ್ಣ, ಒಂದ್ ಹಿಡಿ ಮಣ್ಣು ಕೊಡಿ.”

“ಹಬ್ಬದ ದಿನ ಮನೆ ಮಣ್ಣು ಹೊರಗೆ ಕೊಡಬಾರದಪ್ಪ. ಲಕ್ಷ್ಮಿ ಹೊರಟುಹೋಗ್ತಾಳೆ.”

“ಅಂಗಂತ ಎಲ್ಲದೆ?”

“ಎಲ್ಲೋ ಇರ್ತದೆ. ಅದಿರಲಿ, ನಿನಗೇನಕ್ಕೆ ಮಣ್ಣು?”

ಕಾಂತರಾಜ ಹೇಳಿದ. ಶಿವನಂಜಪ್ಪನವರ ಕಣ್ಣು ಅರಳಿತು. ಮಣ್ಣು ಕೊಡದಿದ್ದರೂ ಸಲಹೆ ಕೊಡಲು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೊರಟರು.

ಇಬ್ಬರೂ ಚೆಲುವರಾಜುವಿನ ವಾಟರ್ ಸರ್ವಿಸ್‌ಗೆ ಬಂದರು. ಚೆಲುವರಾಜು ಕಾಂತರಾಜನ ಜೊತೆ ಓದಿದವನು. ಅವನ ಅಂಗಳದಲ್ಲಿ ಸುತ್ತಲ ಹಳ್ಳಿಗಳ ಟ್ರ್ಯಾಕ್ಟರುಗಳು ಮದುವೆ ಊಟದ ಪಂಕ್ತಿಗೆ ಕಾದವರಂತೆ ಸಾಲು ನಿಂತಿದ್ದವು.

“ಎಲ್ರೂ ಕೊಳೆ ತೆಗಿಸ್ಕಳಕ್ಕೆ ಬತ್ತಾರೆ. ನೀನೊಬ್ಬ ಈಸ್ಕಂಡೋಗಕ್ಕೆ ಬಂದಿದ್ದೀಯಲ್ಲ ಕಣ್ಲಾ” ಎಂದ ಚೆಲುವರಾಜು. “ಯಾವ್ದ್ ಬೇಕು ಹೇಳು. ಈ ಗಾಡಿದು ವೀರನಹೊಸಹಳ್ಳಿ ಕೆಂಪ್ ಮಣ್ಣು. ಆ ಕಡೇದು ಭೇರ್ಯದ ಗದ್ದೆ ಕೆಸ್ರು, ಬೆಣ್ಣೆ ಬೆಣ್ಣೆ ಅಂಗದೆ.”

“ಎರಡೂ ಬೇಕು ಅನ್ನು” ಎಂದರು ಶಿವನಂಜಪ್ಪ. “ಕೆಳಗೆ ಗದ್ದೆ ಕೆಸರು, ಮೇಲೆ ಕೆಂಪು ಧೂಳು. ಯುದ್ಧ ಅಂದಮೇಲೆ ಟ್ಯಾಂಕು ಒಂದೇ ಊರಲ್ಲಿ ಇರ್ತದಾ?”

ಕಾಂತರಾಜ ಟ್ರ್ಯಾಕ್ಟರಿನ ಹಿಂಗಾಲಿಯ ಹಿಂದೆ ಕೂತು ಕೆಸರು ಕೆರೆಯತೊಡಗಿದ. ಆಚೆ ಪಕ್ಕದಲ್ಲಿ ಪೈಪು ಹಿಡಿದಿದ್ದವನಿಗೆ ಅವನು ಕಾಣಲಿಲ್ಲ. ನೀರು ರಭಸದಿಂದ ಬಡಿದು, ಗಾಲಿಯ ಪಾಪಗಳೆಲ್ಲ ಒಮ್ಮೆಗೇ ಕಾಂತರಾಜನ ಮೇಲೆ ಇಳಿದವು. ಎದ್ದಾಗ ಬಿಳಿ ಪಂಚೆ ಯಾವುದು, ಭೇರ್ಯದ ಗದ್ದೆ ಯಾವುದು ಗೊತ್ತಾಗುವಂತಿರಲಿಲ್ಲ. ಡಾಲ್ಡಾ ಡಬ್ಬವನ್ನು ಮಾತ್ರ ಎದೆಗವಚಿಕೊಂಡು ಕಾಪಾಡಿದ್ದ.

“ಫಿನಿಶಿಂಗು ಅಂದ್ರೆ ಇದು” ಎಂದು ಚೆಲುವರಾಜು ಅವನನ್ನು ಸುತ್ತು ಹಾಕಿ ನೋಡಿದ. “ನಿನ್ನೇ ಕಳ್ಸುದ್ರೆ ಪ್ರೈಜ್ ಗ್ಯಾರಂಟಿ.”

ಅವನಿಗೂ ಕುತೂಹಲ ಹತ್ತಿಕೊಂಡಿತು. ಪೈಪನ್ನು ಕೆಲಸದವನಿಗೆ ಕೊಟ್ಟು, ಹಳೆಯ ಗ್ರೀಸಿನ ಉಂಡೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಜೊತೆಗೆ ಬಂದ. ಮನೆಯ ಬಾಗಿಲಲ್ಲಿ ಪುಟ್ಟಮಲ್ಲಮ್ಮ ಮಗನನ್ನು ತಡೆದು ನಿಲ್ಲಿಸಿ, ಎರಡು ಕೊಡ ನೀರು ಸುರಿದ ಮೇಲೆಯೇ ಒಳಗೆ ಬಿಟ್ಟರು. ಆ ಮನೆಯಲ್ಲಿ ಆ ದಿನ ಸ್ನಾನವಾಗದೆ ಉಳಿದದ್ದು ಯಾವುದೂ ಇರಲಿಲ್ಲ.

“ರೀ, ಪೂವಯ್ಯೋರ್ ಮೆಸೇಜ್ ಮಾಡವ್ರೆ” ಎಂದು ಮಧುಶ್ರೀ ಫೋನು ಹಿಡಿದು ಬಂದಳು.

“ಹೊರಟಿದ್ದೀನಿ ಅಂತ ತಾನೇ? ಗೊತ್ತು ಬುಡು. ಈಗ್ ಮಾತಾಡುಸ್ಬ್ಯಾಡ ಕಣೆ, ಕೈ ನಡುಗ್ತದೆ.”

“ಅಲ್ಲ ಕಣ್ರೀ, ಓದಾದ್ರೂ...”

ಅಷ್ಟರಲ್ಲಿ ಜಗಲಿಯ ಟ್ಯಾಂಕನ್ನು ಒಳಗೊಯ್ದು ರೂಮಿನ ಬಾಗಿಲು ಹಾಕಿಕೊಂಡಾಗಿತ್ತು. ಮಧುಶ್ರೀ ಮುಚ್ಚಿದ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬೇಕಾದರೆ ಕೇಳಿಕೊಂಡು ಬರಲಿ ಎಂದು ಒಬ್ಬಟ್ಟು ತಟ್ಟಲು ಹೋದಳು.

ಒಳಗೆ ಮೂವರೂ ಸೇರಿ ಟ್ಯಾಂಕಿನ ಮೇಲೆ ಬಿದ್ದರು. ಕಾಂತರಾಜ ತುಂಬೆ ಹೂವು ಕಿತ್ತ, ವಿಭೂತಿ ಒರೆಸಿದ, ಸಗಣಿ ನೆಲವನ್ನು ಕೆರೆದು ಗದ್ದೆ ಕೆಸರು ಸುರಿದ. ಚೆಲುವರಾಜು ಗ್ರೀಸಿನಲ್ಲಿ ಬೆರಳದ್ದಿ ಗಾಲಿಗಳಿಗೆ ಸವರಿದ. ಶಿವನಂಜಪ್ಪ, “ಇಲ್ಲಿ ಇನ್ನೊಂದು ಚೂರು ತುಕ್ಕು, ಹಾಂ, ಅಲ್ಲೊಂದು ಚೂರು” ಎಂದು ತೋರುಬೆರಳಿನಲ್ಲೇ ದುಡಿದರು. ಪೊರಕೆ ಕಡ್ಡಿಯನ್ನು ಕೀಳಲು ಹೋದರೆ ಬರಲಿಲ್ಲ. ಅದಕ್ಕೂ ಮಸಿ ಬಳಿದರು.

ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿಯೇ ಬಂತು. ಟ್ಯಾಂಕು ಅರ್ಧ ಹೂತು, ಮುಖವೆಲ್ಲ ತುಕ್ಕಾಗಿ, ನೋಡಿದವರು ಮೂಗು ಮುಚ್ಚಿಕೊಳ್ಳುವಂತಿತ್ತು. ಮೂವರೂ ಹಿಂದೆ ಸರಿದು ನಿಂತು ನೋಡಿದರು. ಇಷ್ಟು ಚೆನ್ನಾದ ಕೊಳಕನ್ನು ಕಾಂತರಾಜ ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು.

ಪೂವಯ್ಯನವರು ನೆಟ್ಟಗೆ ಒಳಗೆ ಬಂದರು, ಬಿಳಿ ಮೀಸೆ ಅವರಿಗಿಂತ ನೆಟ್ಟಗಿತ್ತು. ಪುಟ್ಟಮಲ್ಲಪ್ಪನವರೂ ಅಂಗಡಿ ಮುಚ್ಚಿ ಬಂದು, ತೀರ್ಪು ಕೇಳಲು ಕುರ್ಚಿ ಎಳೆದುಕೊಂಡು ಕೂತರು. ಮಧುಶ್ರೀ ಒಬ್ಬಟ್ಟು ತಂದಿಟ್ಟಳು.

“ಊಟ ಆಮೇಲೆ ಅಮ್ಮ, ಮೊದಲು ಟ್ಯಾಂಕು” ಎಂದರು ಪೂವಯ್ಯ. “ಮಧ್ಯಾಹ್ನದಿಂದ ಅದೇ ಕಣ್ಣಲ್ಲಿ ಕೂತಿದೆ. ಫೋಟೋ ನೋಡಿ ಕ್ಲಬ್ಬಿನವರಿಗೆಲ್ಲ ಕಳಿಸಿದೆ. ಎಲ್ಲರೂ ಒಪ್ಪಿದ್ದಾರೆ. ಮೊದಲನೇ ಬಹುಮಾನ ಇದಕ್ಕೇ ಅಂತ ಮೆಸೇಜ್ ಹಾಕಿದ್ದೆನಲ್ಲ, ನೋಡಲಿಲ್ಲವಾ?”

ಕಾಂತರಾಜ ಹೆಂಡತಿಯ ಕಡೆ ತಿರುಗಿದ. ‘ನಾನು ಹೇಳಕ್ಕೆ ಬರ್ನಿಲ್ವಾ’ ಎಂಬಂತೆ ಅವಳು ಹುಬ್ಬು ಹಾರಿಸಿದಳು. ರೂಮು ಉಳಿಯಿತು. ಕಾಂತರಾಜ ಎದೆಯುಬ್ಬಿಸಿ ರೂಮಿಗೆ ಹೋಗಿ, ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಒಂದು ಕೈಯಲ್ಲಿ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದ.

ಪೂವಯ್ಯನವರ ಮೀಸೆ ಇಳಿಯಿತು.

“ಇದಲ್ಲವಲ್ಲ” ಎಂದರು.

“ಇದೇ ಸಾರ್. ಫೋಟೋದಲ್ಲಿದ್ದದ್ದೇ. ಒಂದ್ ಚೂರು ಜಾಸ್ತಿ ಮಾಡಿದ್ದೀನಿ.”

“ಫೋಟೋದಲ್ಲಿದ್ದದ್ದು ಇದು” ಎಂದು ಪೂವಯ್ಯ ತಮ್ಮ ಫೋನು ತಿರುಗಿಸಿ ಹಿಡಿದರು. ಮಧುಶ್ರೀ ಎಸರು ಇಳಿಸಿ ಬರುವ ಹೊತ್ತಿಗೆ ಅತ್ತೆಯ ಕೈಕೆಲಸ ಮುಗಿದಿತ್ತು. ಫೋಟೋದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಮೂರೆಳೆ ವಿಭೂತಿ, ತುಂಬೆ ಹಾರ, ರಂಗೋಲಿ, ನಾಲ್ಕು ಸುಂಡೆಕಾಯಿ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು.

“ಹೋದ ವರ್ಷ ನಾನು ನಿಮಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದ್ದೆ” ಎಂದರು ಪೂವಯ್ಯ, ದುಃಖದ ದನಿಯಲ್ಲಿ. “ಈ ವರ್ಷ ಬಂದದ್ದೆಲ್ಲ ಕೆಸರು. ನನ್ನ ಡಿಕ್ಕಿ ತೆಗೆದು ನೋಡಿ, ಪೂರ್ತಿ ಕೆಸರು ತುಂಬಿಕೊಂಡು ಬಂದಿದ್ದೇನೆ. ಅದರ ನಡುವೆ ಇದೊಂದು. ಆಯುಧಪೂಜೆ ದಿನ ನಮ್ಮ ರೆಜಿಮೆಂಟಿನಲ್ಲಿ ಟ್ಯಾಂಕನ್ನು ಹೀಗೇ ನಿಲ್ಲಿಸುತ್ತಿದ್ದೆವು. ನಿಂಬೆಹಣ್ಣಿನ ಅಳತೆ ನೋಡಿ, ಹೂವಿನ ಅಳತೆ ನೋಡಿ. ಆಂಟೆನಾ ಅಂತೂ ಅದೇ ಬಳುಕು. ಫೋಟೋ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಯಾರು ಹಾಳು ಮಾಡಿದ್ದು?”

ಚೆಲುವರಾಜುವೂ ಶಿವನಂಜಪ್ಪನವರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. “ನಾನು ಬೇಡ ಅಂತಲೇ ಹೇಳಿದೆ” ಎಂದರು ಶಿವನಂಜಪ್ಪ. ಗ್ರೀಸ್ ಮೆತ್ತಿದ್ದ ಬೆರಳನ್ನು ಚೆಲುವರಾಜು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಕಾಂತರಾಜ ಹಲಗೆ ಹಿಡಿದು ನಿಂತೇ ಇದ್ದ. ಗೆದ್ದ ಬಹುಮಾನವನ್ನು ಒಂದು ಮಧ್ಯಾಹ್ನ ಪೂರ್ತಿ ಬೆವರು ಸುರಿಸಿ, ಊರೆಲ್ಲ ಬೇಡಿ ತಂದ ಕೆಸರಿನಲ್ಲಿ ಹೂತಿದ್ದ.

“ಸರಿ, ನಾನೇನು ಮಾಡಲಿ” ಎಂದು ಪೂವಯ್ಯ ಏಳಲು ಅಣಿಯಾದರು.

“ಒಸಿ ಕೂತ್ಕಳಪ್ಪ” ಎಂದು ಅಡಿಗೆಮನೆಯಿಂದ ದನಿ ಬಂತು. ಪುಟ್ಟಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. “ಒಬ್ಬಟ್ಟು ತಿನ್ನೋ ಒತ್ಗೆ ಮಾಡ್ಕೊಡ್ತೀನಿ. ಮಧು, ಸೀಗೇಕಾಯಿ ತಾ. ಕಾಂತ, ನೀನ್ ಮುಟ್ಬ್ಯಾಡ.”

ಪೂವಯ್ಯನವರು ಒಬ್ಬಟ್ಟು ತಿನ್ನುವುದನ್ನು ಮರೆತು ಜಗಲಿಯಲ್ಲಿ ನಿಂತು ನೋಡಿದರು. ಪುಟ್ಟಮಲ್ಲಮ್ಮ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಟ್ಯಾಂಕನ್ನು ಎಳೆಗೂಸಿಗೆ ಎರೆಯುವಂತೆ ತೊಳೆದರು. ಗ್ರೀಸಿಗೆ ಕಡಲೆಹಿಟ್ಟು ಹಾಕಿದರು. ಹಲಗೆ ಸಾರಿಸಿದರು, ಬೆರಳ ತುದಿಯಲ್ಲಿ ರಂಗೋಲಿ ಬಿಟ್ಟರು. ಕಾಂತರಾಜನಿಗೆ ಒಂದೇ ಕೆಲಸ ಸಿಕ್ಕಿತು. ಹಿತ್ತಿಲಿಗೆ ಹೋಗಿ ಸುಂಡೆಕಾಯಿ ಕಿತ್ತು ತಂದ. ಅದರಲ್ಲೂ ಎರಡು ದಪ್ಪವಾಯಿತೆಂದು ವಾಪಸು ಕಳಿಸಿದರು.

ಕೆಲಸ ಮುಗಿದಾಗ ಪೂವಯ್ಯನವರ ಮೀಸೆ ಮತ್ತೆ ನೆಟ್ಟಗಾಗಿತ್ತು. ಕಾರಿನಿಂದ ಬಹುಮಾನದ ಫಲಕವನ್ನೂ ಪೆನ್ನನ್ನೂ ತಂದರು.

“ಹೆಸರು ಬರೆಯಬೇಕು” ಎಂದರು. “ನಮ್ಮಲ್ಲಿ ರೂಲ್ಸು ಒಂದೇ, ಫಿನಿಶಿಂಗ್ ಮಾಡಿದ ಕೈಗೆ. ತಾಯಿ, ನಿಮ್ಮ ಹೆಸರು?”

ಕಾಂತರಾಜ ಬಾಯಿ ತೆರೆದ. ಅವನು ಜೋಡಿಸಿದ್ದು, ಅವನು ಬಣ್ಣ ಹೊಡೆದದ್ದು ಎಲ್ಲವನ್ನೂ ಹೇಳಬಹುದಿತ್ತು. ಆದರೆ ಪೂವಯ್ಯನವರು ಕಣ್ಣಾರೆ ನೋಡಿದ್ದರು. ಬಾಯಿ ಮುಚ್ಚಿಕೊಂಡ.

“ಪುಟ್ಟಮಲ್ಲಮ್ಮ ಕಣಪ್ಪ” ಎಂದರು ಅವ್ವ, ಕೈ ಒರೆಸಿಕೊಳ್ಳುತ್ತ.

ಕಾರು ಮೈಸೂರಿನ ಕಡೆ ಹೋದ ಮೇಲೆ ಎಲ್ಲರೂ ಪುಟ್ಟಮಲ್ಲಪ್ಪನವರ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು.

“ನಾನ್ ಹೇಳಿದ್ದೇನು? ರೂಮು ಪ್ರೈಜ್ ತಂದೋರ್ಗೆ. ತಂದಿರೋಳು ನಿಮ್ಮವ್ವ. ಪ್ರೈಜ್ ಬರ್ದೆ ಇದ್ದಿದ್ರೂ ಅವಳ್ದೇ ಆಗೋದು. ಇನ್ ಕಿವಿ ತಿನ್ಬ್ಯಾಡಿ.”

ದೀಪ ಹಚ್ಚುವ ಹೊತ್ತಿಗೆ ಕಾಂತರಾಜ ಹಂಡೆ, ಕೊಳಗ, ಗಿಂಡಿಗಳನ್ನು ಒಂದೊಂದಾಗಿ ರೂಮಿಗೆ ಹೊರುತ್ತಿದ್ದ. ಶಿವನಂಜಪ್ಪನವರು ಯಾವುದನ್ನು ಎಲ್ಲಿಡಬೇಕೆಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಮೇಜನ್ನು ಮಾತ್ರ ತೆಗೆಯಬೇಡ ಎಂದರು ಪುಟ್ಟಮಲ್ಲಮ್ಮ. ಅದರ ಮುಂದೆ ಮಗನ ಕುರ್ಚಿ ಎಳೆದುಕೊಂಡು ಕೂತು, ಅವನ ಬಣ್ಣದ ಬಾಟಲಿಗಳನ್ನು ಸರಿಸಿ, ಸೀಗೇಕಾಯಿ ಡಬ್ಬ ಇಟ್ಟುಕೊಂಡರು.

“ಬರೋ ವರ್ಸ ಇಮಾನ ಅಂತೆ ಕಣ್ಲಾ, ಅವ್ರು ಹೇಳೋದ್ರು. ಒಂದ್ ತರ್ಸಿ ಜೋಡ್ಸಿಕೊಡು, ಮಿಕ್ಕಿದ್ದು ನಾನ್ ನೋಡ್ಕತೀನಿ.”

ಕಾಂತರಾಜ ತಲೆಯ ಮೇಲಿನ ಹಂಡೆ ಇಳಿಸಿ ಹೂಂ ಎಂದ.

“ಅಲ್ಲ ಮಗ” ಎಂದರು ಪುಟ್ಟಮಲ್ಲಮ್ಮ ಸ್ವಲ್ಪ ಯೋಚಿಸಿ, “ಇಮಾನದ್ ಗಾಲಿ ಇನ್ನೂ ಸಣ್ದಲ್ವಾ? ಸುಂಡೆಕಾಯಿ ದಪ್ಪ ಆಯ್ತದೆ. ಈಗ್ಲಿಂದ್ಲೇ ಒಂದ್ ಕಾಗೆಹಣ್ಣಿನ್ ಗಿಡ ನೆಟ್ಬುಡು.”